ಬ್ಯಾಟರಿ ಕೆಲಸದ ಸೀಸಕ್ಕೆ ಪ್ರೋಪೋಲಿಸ್ ಮದ್ದಾದೀತೇ?

ಪ್ರಶ್ನೆ (ಹುಬ್ಬಳ್ಳಿಯಿಂದ)

ನನ್ನ ತಮ್ಮ ಹನ್ನೊಂದು ವರ್ಷಗಳಿಂದ ಹಳೆಯ ಬ್ಯಾಟರಿಗಳನ್ನು ಬಿಚ್ಚಿ, ಒಳಗಿನ ಸೀಸವನ್ನು ಕರಗಿಸುವ ಕೆಲಸ ಮಾಡುತ್ತಿದ್ದಾನೆ. ಹೊಟ್ಟೆ ಹಿಂಡಿದಂತಾಗಿ ನೋವು ಬರತೊಡಗಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದೆವು. ಪ್ರತಿ ಡೆಸಿಲೀಟರಿಗೆ 38 ಮೈಕ್ರೋಗ್ರಾಂ ಸೀಸವಿದೆ. ಪ್ರೋಪೋಲಿಸ್ (ಜೇನುಹುಳಗಳು ಗೂಡಿಗೆ ಮೆತ್ತುವ ಅಂಟು) ಹನಿಗಳನ್ನು ಜೇನುತುಪ್ಪದಲ್ಲಿ ಬೆರೆಸಿ ಕೊಟ್ಟರೆ ಸೀಸವೆಲ್ಲ ಮೂತ್ರದಲ್ಲಿ ಹೋಗುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ. ಇದನ್ನು ನಂಬಬಹುದೇ? ಅವನ ಮೂರು ವರ್ಷದ ಮಗನಿಗೂ ಕೊಡಬಹುದೇ?

ಉತ್ತರ 1 (ಧಾರವಾಡ, ಔಷಧಶಾಸ್ತ್ರದ ಅಧ್ಯಾಪಕಿ)

ಸೀಸ ಅಥವಾ ಕ್ಯಾಡ್ಮಿಯಂ ಉಣಿಸಿದ ಇಲಿಗಳಿಗೆ ಪ್ರೋಪೋಲಿಸನ್ನೂ ಕೊಟ್ಟಾಗ ಯಕೃತ್ತು ಮತ್ತು ಮೂತ್ರಪಿಂಡಗಳ ಹಾನಿ ಕಡಿಮೆಯಾದದ್ದು ನಿಜ. ಅದರಲ್ಲಿರುವ, ಸಸ್ಯಗಳಿಂದ ಬರುವ ಫ್ಲೇವನಾಯ್ಡ್‌ಗಳು ಲೋಹದಿಂದ ಜೀವಕೋಶಗಳಲ್ಲಿ ಉಂಟಾಗುವ ಉತ್ಕರ್ಷಣವನ್ನು (ಆಮ್ಲಜನಕದ ಅತಿಕ್ರಿಯೆಯಿಂದಾಗುವ ಹಾನಿಯನ್ನು) ತಡೆಯುತ್ತವೆ. ಆದರೆ ನಿಮ್ಮ ತಮ್ಮನ ಎಲುಬಿನಲ್ಲಿ ಕ್ಯಾಲ್ಸಿಯಂ ಇರಬೇಕಾದ ಜಾಗವನ್ನು ಹಿಡಿದು ದಶಕಗಳ ಕಾಲ ಕುಳಿತುಕೊಳ್ಳುವ ಸೀಸವನ್ನು ಅದು ಕಿತ್ತು ತೆಗೆಯುತ್ತದೆ ಎನ್ನಲು ಆಧಾರವಿಲ್ಲ. ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿಯುತ್ತದೆ, ಆದರೆ ಹೊಸದಾಗಿ ಒಳಗೆ ಹೋಗುವುದು ನಿಂತಿರಬೇಕು. ಲೋಹವನ್ನು ಹಿಡಿದು ಮೂತ್ರದೊಂದಿಗೆ ಹೊರತರುವ ಔಷಧಿಗಳೆಂದರೆ ಸಕ್ಸಿಮರ್, ಕ್ಯಾಲ್ಸಿಯಂ ಇಡಿಟಿಎ ಮುಂತಾದವು. ಅವು ಬೇಕೇ ಬೇಡವೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಪ್ರತಿ ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಕಂಡರೇ ಸೀಸದ ಮೂಲವನ್ನು ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ದಯವಿಟ್ಟು ಮಗುವಿನ ರಕ್ತವನ್ನು ಮೊದಲು ಪರೀಕ್ಷೆ ಮಾಡಿಸಿ, ಹನಿಗಳ ವಿಚಾರ ಬಿಡಿ. ಕೆಲಸದ ಅಂಗಿಯಲ್ಲೇ ತಂದೆ ಎತ್ತಿಕೊಂಡರೆ ಆ ದೂಳು ಮಗುವಿನ ಬಾಯಿಗೆ ಹೋಗುತ್ತದೆ.

ಉತ್ತರ 2 (ಗದಗ ಜಿಲ್ಲೆಯ ಜೇನು ಸಾಕಣೆದಾರ)

ನಾನು ಸೂರ್ಯಕಾಂತಿ ಹೊಲಗಳ ಬದಿಗೆ ಪೆಟ್ಟಿಗೆಗಳನ್ನಿಟ್ಟು ಜೇನು ತೆಗೆಯುವವನು. ಪ್ರೋಪೋಲಿಸ್ ಎಂಬುದು ಹುಳಗಳು ಮರದ ಅಂಟನ್ನು ತಂದು, ಮೇಣ ಬೆರೆಸಿ, ಪೆಟ್ಟಿಗೆಯ ಸಂದುಗಳನ್ನು ಮುಚ್ಚುವ ಕಂದು ವಸ್ತು. ಬಿಸಿಲಿಗೆ ಬೆರಳಿಗೆ ಅಂಟುತ್ತದೆ, ಚಳಿಗೆ ಪುಡಿಯಾಗುತ್ತದೆ. ಹೆದ್ದಾರಿಯ ಹತ್ತಿರದ ಪೆಟ್ಟಿಗೆಯಲ್ಲಿ ಈ ಅಂಟಿಗೆ ವಾಹನಗಳ ದೂಳೂ ಸೇರುತ್ತದೆ, ದೂಳಿನೊಂದಿಗೆ ಸೀಸವೂ ಬರಬಹುದು. ಜೇನುಗೂಡುಗಳನ್ನು ಪರೀಕ್ಷಿಸಿ ಪರಿಸರದ ಲೋಹ ಮಾಲಿನ್ಯವನ್ನು ಅಳೆಯುವುದೂ ಇದೇ ಕಾರಣಕ್ಕಾಗಿ. ಆದ್ದರಿಂದ ಲೋಹದ ಪರೀಕ್ಷೆಯ ವರದಿಯಿಲ್ಲದ ಹನಿಗಳನ್ನು ಕೊಳ್ಳಬೇಡಿ. ಜೇನುತುಪ್ಪವೂ ಆಮ್ಲೀಯವಾದದ್ದು, ಸೀಸ ಬೆರೆತ ತವರದ ಬೆಸುಗೆಯಿರುವ ಹಳೆಯ ಡಬ್ಬಿಯಲ್ಲಿ ಬಹಳ ದಿನ ಇಡಬಾರದು, ಗಾಜಿನದೇ ಒಳ್ಳೆಯದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ನಾಳೆಯೇ ಮಗುವಿನ ರಕ್ತ ಕೊಡಿಸುತ್ತೇವೆ. ತಮ್ಮ ಇನ್ನು ಮೇಲೆ ಅಂಗಡಿಯಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿಕೊಂಡು ಮನೆಗೆ ಬರುತ್ತೇನೆಂದು ಒಪ್ಪಿದ್ದಾನೆ.