ತಾನೇ ರೀಸ್ಟಾರ್ಟ್ ಆಗುವ ಕಂಪ್ಯೂಟರ್, ಕಡಿದುಹೋಗುವ ಯುಎಸ್‌ಬಿ: ಪ್ರಶ್ನೋತ್ತರ

ಗುಂಪಿನ ಸೂಚನೆ: ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ ಕಂಪ್ಯೂಟರುಗಳ ಪ್ರಶ್ನೆಗಳು ಮಾತ್ರ. ಹೆಸರಿನ ಬದಲು ಊರು ಬರೆಯಿರಿ. ಪ್ರೊಸೆಸರ್, ಬೋರ್ಡ್, ಎಸ್‌ಎಂಪಿಎಸ್ (ಒಳಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ), ಯುಪಿಎಸ್ ಯಾವುವೆಂದು ತಿಳಿಸಿ. ಉತ್ತರಿಸುವವರು ಬಳ್ಳಾರಿಯ ಹಾರ್ಡ್‌ವೇರ್ ತಂತ್ರಜ್ಞರು.

ಗಂಗಾವತಿ: ಸರ್ ನಮಸ್ಕಾರ. ಮದುವಿ ವಿಡಿಯೊ ಎಡಿಟಿಂಗಿಗೆ ಜೋಡಿಸಿದ ಸಿಸ್ಟಮ್ ಐತ್ರಿ. ರೈಜನ್ 5 5600, ಬಿ550 ಬೋರ್ಡ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 650 ವ್ಯಾಟ್ ಎಸ್‌ಎಂಪಿಎಸ್, 600 ವಿಎ ಯುಪಿಎಸ್. ರೆಂಡರ್ ಹಚ್ಚಿದಾಗ ಪಟ್ ಅಂತ ರೀಸ್ಟಾರ್ಟ್ ಆಗತೈತಿ, ನೀಲಿ ಪರದೆ ಬರಂಗಿಲ್ಲ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕು, ಕೀಬೋರ್ಡು ಕಡಿದು ಮತ್ತ ತಾವ ಹತ್ತತಾವ. ವಿಂಡೋಸ್ ದಾಖಲೆ ತೋರಸೋ ಇವೆಂಟ್ ವ್ಯೂವರಿನಾಗ ಕರ್ನಲ್-ಪವರ್ 41 ಅಂತ ಐತಿ. ಎಸ್‌ಎಂಪಿಎಸ್ ಹೊಸಾದು ಹಾಕೀನಿ, ಆದ್ರೂ ಹಂಗ ಐತ್ರಿ.

ತಂತ್ರಜ್ಞ: 41 ರೋಗದ ಹೆಸರಲ್ಲ. ಸರಿಯಾಗಿ ಶಟ್‌ಡೌನ್ ಆಗದೆ ಸಿಸ್ಟಮ್ ಮತ್ತೆ ಎದ್ದಿತು ಎಂಬುದಷ್ಟನ್ನೇ ಅದು ಹೇಳುತ್ತದೆ. ಅದನ್ನು ತೆರೆದು ವಿವರಗಳಲ್ಲಿ ಬಗ್‌ಚೆಕ್ ಕೋಡ್ (ನೀಲಿ ಪರದೆಯ ದೋಷ ಸಂಖ್ಯೆ) ನೋಡಿ. ಸೊನ್ನೆ ಇದ್ದರೆ ವಿಂಡೋಸ್‌ಗೆ ಏನನ್ನೂ ಬರೆದಿಡಲು ಸಮಯ ಸಿಕ್ಕಿಲ್ಲ ಎಂದರ್ಥ, ಆಗ ಮೊದಲ ಅನುಮಾನ ಕರೆಂಟಿನ ದಾರಿಯ ಮೇಲೆ. ಬೇರೆ ಅಂಕಿ ಇದ್ದರೆ ವಿಂಡೋಸ್ ಫೋಲ್ಡರ್‌ನೊಳಗಿನ ಮಿನಿಡಂಪ್ ಫೈಲ್ ಕಳಿಸಿ. ರೀಸ್ಟಾರ್ಟ್ ಆದ ವೇಳೆ, ಯುಎಸ್‌ಬಿ ಕಡಿದ ವೇಳೆ ಎರಡನ್ನೂ ಚೀಟಿಯಲ್ಲಿ ಬರೆದಿಡಿ. ಎರಡೂ ಒಂದೇ ದೋಷ ಎಂದು ಈಗಲೇ ತೀರ್ಮಾನಿಸಬೇಡಿ. ಇನ್ನೊಂದು ಮಾತು: ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆಯೇ?

ಮಾನ್ವಿ: ಸರ್, ನಮ್ದು ಮನಿ ಇನ್ವರ್ಟರ್ ಮ್ಯಾಲೆ ಅದ. ಕರೆಂಟ್ ಹೋದ ಕೂಡ್ಲೇ ರೀಸ್ಟಾರ್ಟ್ ಆಗ್ತದ. ಫ್ಯಾನ್, ಲೈಟ್ ಏನೂ ಆಗಂಗಿಲ್ಲ.

ತಂತ್ರಜ್ಞ: ಇನ್ವರ್ಟರ್ ಹಿಂದೆ ನಾರ್ಮಲ್, ಯುಪಿಎಸ್ ಎಂದು ಸ್ವಿಚ್ ಇರುತ್ತದೆ. ಯುಪಿಎಸ್ ಕಡೆ ಹಾಕಿ. ಒಳ್ಳೆಯ ಎಸ್‌ಎಂಪಿಎಸ್ ಪೂರ್ತಿ ಲೋಡಿನಲ್ಲಿ ಕರೆಂಟ್ ಇಲ್ಲದೆ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ. ನಾರ್ಮಲ್ ಮೋಡಿನಲ್ಲಿ ಇನ್ವರ್ಟರ್ ಅದಕ್ಕಿಂತ ತಡವಾಗಿ ಬದಲಾಗುತ್ತದೆ. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ.

ಸಿರುಗುಪ್ಪ: ಇದು ಎಲ್ಲಾ ಗ್ರೂಪಲ್ಲೂ ಬಂದೈತೆ, ನೋಡ್ರಿ: «ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆದರೆ ಬೋರ್ಡ್ ಬ್ಯಾಟರಿ 10 ನಿಮಿಷ ತೆಗೆದು ಹಾಕಿ, ರ‍್ಯಾಮ್‌ನ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ. ನೂರಕ್ಕೆ ನೂರು ಗ್ಯಾರಂಟಿ.» ನಮ್ಮ ಮಾವನ ಸಿಸ್ಟಮ್ ಇದ್ರಿಂದ್ಲೇ ಸರಿ ಆತು.

ತಂತ್ರಜ್ಞ: ಸರಿಹೋದದ್ದು ಏಕೆ ಎಂದು ತಿಳಿದುಕೊಳ್ಳಿ. ಬ್ಯಾಟರಿ ತೆಗೆದಾಗ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಸೆಟ್ಟಿಂಗ್ ಅಳಿಸಿಹೋಗುತ್ತವೆ, ಅದರ ಜೊತೆ ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಕೂಡ. 3600ರಲ್ಲಿ ಓಡುತ್ತಿದ್ದ ರ‍್ಯಾಮ್ 2133ಕ್ಕೋ 2400ಕ್ಕೋ ಇಳಿಯುತ್ತದೆ, ತಡವರಿಸುವುದು ನಿಲ್ಲುತ್ತದೆ. ಅಂದರೆ ದೋಷ ರ‍್ಯಾಮ್ ವೇಗದಲ್ಲಿತ್ತು. ಬ್ಯಾಟರಿ ಮುಟ್ಟದೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆಫ್ ಮಾಡಿದ್ದರೂ ಸಾಕಿತ್ತು. ರಬ್ಬರಿನದೂ ಅಷ್ಟೇ: ಅದರಿಂದ ಸರಿಹೋದರೆ ಗುಣ ಕೊಟ್ಟದ್ದು ರ‍್ಯಾಮ್ ತೆಗೆದು ಗಟ್ಟಿಯಾಗಿ ಕೂರಿಸಿದ್ದು. ಉಜ್ಜಿದರೆ ಚಿನ್ನದ ಲೇಪ ಸವೆಯುತ್ತದೆ, ರಬ್ಬರಿನ ಪುಡಿ ಸ್ಲಾಟ್‌ಗೆ ಇಳಿಯುತ್ತದೆ. ಕೊಳೆ ಇದ್ದರೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ನಾರು ಬಿಡದ ಬಟ್ಟೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ರ‍್ಯಾಮ್ ಎರಡೇ ಕಡ್ಡಿ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟ್. ಆಮೇಲೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಪ್ರೋಗ್ರಾಂ ರಾತ್ರಿಯಿಡೀ ಓಡಿಸಿ. ಒಂದು ತಪ್ಪು ಬಂದರೂ ಪಾಸ್ ಅಲ್ಲ.

ಕಂಪ್ಲಿ: ಮುಂದಿನ ಯುಎಸ್‌ಬಿ ಪೋರ್ಟ್‌ನಾಗೆ ಮಾತ್ರ ಪೆನ್‌ಡ್ರೈವ್ ಕಡೀತೈತೆ.

ತಂತ್ರಜ್ಞ: ಕ್ಯಾಬಿನೆಟ್‌ನ ವೈರು. ಬೋರ್ಡಿನ 19 ಪಿನ್ ಕನೆಕ್ಟರ್ ತೆಗೆದು ಸೊಟ್ಟಗಾದ ಪಿನ್ ಇದೆಯೇ ನೋಡಿ, ನೆಟ್ಟಗೆ ಕೂರಿಸಿ. ಆಗಲೂ ಕಡಿದರೆ ಹಿಂದಿನ ಪೋರ್ಟ್ ಬಳಸಿ.

ಗಂಗಾವತಿ: ಸರ್, ಬಗ್‌ಚೆಕ್ ಕೋಡ್ 0 ಐತ್ರಿ. ಕ್ಯಾಬಿನೆಟ್ ಮುಟ್ಟಿದ್ರ ಹೌದ್ರಿ, ಬರಿಗಾಲಾಗ ಇದ್ರ ಜುಮ್ ಅಂತೈತಿ. ಎಲ್ಲಾ ಸಿಸ್ಟಮ್ ಹಂಗ ಇರತಾವು ಅಂದ್ರು.

ತಂತ್ರಜ್ಞ: ಎಲ್ಲ ಸಿಸ್ಟಮ್ ಹಾಗಿರುವುದಿಲ್ಲ. ಬೇರೆಲ್ಲ ಬಿಟ್ಟು ಇದನ್ನು ಮೊದಲು ಮಾಡಿ.

ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಲೋಹದ ಹೊರಮೈಗೆ (ಬಾಡಿ) ಒಂದು, ನ್ಯೂಟ್ರಲ್‌ನಿಂದ ಹೊರಮೈಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತವೆ, ವಿದ್ಯುತ್ ಗದ್ದಲ ತಡೆಯಲು. ಅರ್ಥ್ (ನೆಲಕ್ಕೆ ಹೋಗುವ ಸುರಕ್ಷತೆಯ ವೈರ್) ಸರಿಯಿದ್ದರೆ ಅವುಗಳ ಮೂಲಕ ಬರುವ ಸೋರಿಕೆ ನೆಲಕ್ಕೆ ಇಳಿಯುತ್ತದೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಕರೆಂಟು ಬಹಳ ಕಡಿಮೆ, ಆದ್ದರಿಂದ ಬರೀ ಜುಮ್ಮೆನ್ನುತ್ತದೆ. ಆದರೆ ಒಳಗೆ ಒಂದು ಫೇಸ್ ವೈರ್ ಹೊರಮೈಗೆ ತಾಗಿದ ದಿನ ಫ್ಯೂಸ್ ಹೋಗುವುದಿಲ್ಲ, ಮುಟ್ಟಿದವರ ಮೈಮೇಲೆ 230 ವೋಲ್ಟ್ ಬರುತ್ತದೆ.

ಯುಎಸ್‌ಬಿ ಕಡಿಯುವುದಕ್ಕೂ ಇಲ್ಲಿಂದ ದಾರಿ ಇದೆ. ಹಾರ್ಡ್ ಡಿಸ್ಕಿನ ಎರಡು ಪಿನ್ ಅಡಾಪ್ಟರ್, ಎಚ್‌ಡಿಎಂಐ ಹಾಕಿದ ಟಿವಿ, ಬೇರೆ ಸಾಕೆಟ್ಟಿನ ಪ್ರಿಂಟರ್, ಒಂದೊಂದೂ ಒಂದೊಂದು ವೋಲ್ಟೇಜಿನಲ್ಲಿ ತೇಲುತ್ತಿರುತ್ತದೆ. ಕೂಲರ್, ಪಂಪ್‌ಸೆಟ್ ಆನ್-ಆಫ್ ಆದಾಗ ಏಳುವ ಹೊಡೆತ ಯುಎಸ್‌ಬಿ ಕೇಬಲ್‌ನ ಶೀಲ್ಡ್ ಮೇಲೆಯೇ ಹಾಯುತ್ತದೆ. ಸಿಗ್ನಲ್ ಕೆಟ್ಟು ಪೋರ್ಟ್ ರೀಸೆಟ್ ಆಗುತ್ತದೆ.

ಸಾಕೆಟ್ಟಿನಲ್ಲಿ ಅಳೆಯುವ ಕ್ರಮ: ಮಲ್ಟಿಮೀಟರ್ ಎಸಿ 750 ವೋಲ್ಟ್‌ಗೆ. ಕೆಂಪು ವೈರ್ ವೋಲ್ಟ್ ತೂತಿನಲ್ಲೇ ಇರಬೇಕು. 10 ಆಂಪಿಯರ್ ತೂತಿನಲ್ಲಿದ್ದರೆ ನೇರ ಶಾರ್ಟ್, ಮೀಟರ್ ಕೈಯಲ್ಲೇ ಸಿಡಿಯುತ್ತದೆ. ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರನ್ನೂ ಬರೆಯಿರಿ. ಮೊದಲೆರಡು ಹೆಚ್ಚುಕಡಿಮೆ ಒಂದೇ ಇದ್ದು, ಮೂರನೆಯದು 3 ವೋಲ್ಟ್ ಒಳಗಿರಬೇಕು. ಕೈ ನಡುಗುವವರು ಎಲೆಕ್ಟ್ರಿಷಿಯನ್ ಕರೆಯಿರಿ.

ಲಿಂಗಸುಗೂರು: ಸರ್ ನಂದೂ 41 ಬರ್ತದ. ಏನ್ ಮಾಡ್ಲಿ?

ತಂತ್ರಜ್ಞ: ಮೇಲೆ ಓದಿ.

ಸಿಂಧನೂರು: ಗಂಗಾವತಿಯವ್ರು ಮೊದ್ಲು ಸ್ಟೆಬಿಲೈಜರ್ ಹಾಕ್ಬೇಕು. ನಮ್ಮ ಕಡೆ ರೈಸ್ ಮಿಲ್ ಮೋಟಾರ್ ಶುರು ಆದ್ರ ಲೈಟ್ ಮಿಣುಕ್ತಾವ. ಸ್ಟೆಬಿಲೈಜರ್ ಇಲ್ದ ಸಿಸ್ಟಮ್ ಉಳಿಯಂಗಿಲ್ಲ.

ಕಾರಟಗಿ: ತಪ್ಪು. ಈಗಿನ ಎಸ್‌ಎಂಪಿಎಸ್ ಮ್ಯಾಲೆ 100ರಿಂದ 240 ವೋಲ್ಟ್ ಅಂತ ಬರೆದಿರತೈತಿ. 180ಕ್ಕ ಇಳಿದ್ರ ಅದಕ್ಕೇನೂ ಆಗಂಗಿಲ್ಲ. ಸ್ಟೆಬಿಲೈಜರ್ ರಿಲೇ ಟಕ್ ಅಂದಾಗ ಆಗೋ ಕಡಿತನ ದೊಡ್ಡ ತೊಂದ್ರಿ.

ಸಿಂಧನೂರು: ಎಲ್ಲಾರೂ ಅಂಥಾ ಎಸ್‌ಎಂಪಿಎಸ್ ತಗೊಂಡಿರ್ತಾರೇನ್ರಿ? ಕ್ಯಾಬಿನೆಟ್ ಜೊತಿ ಪುಕ್ಕಟೆ ಬರೋದ್ರ ಮ್ಯಾಲೆ 200-240 ಅಂತ ಅದ.

ಕಾರಟಗಿ: ಪುಕ್ಕಟೆ ಬಂದಿದ್ದರ ಮ್ಯಾಲೆ 3060 ಕೂಡಿಸೋರಿಗೆ ಸ್ಟೆಬಿಲೈಜರ್ ಏನ್ ಮಾಡತೈತಿ?

ಸಿಂಧನೂರು: ಮಾತು ನೆಟ್ಟಗ ಇರ್ಲಿ. ಲೈನ್ ವೋಲ್ಟೇಜ್ ನೋಡಿ ಮಾತಾಡ್ರಿ.

ತಂತ್ರಜ್ಞ: ಇಬ್ಬರೂ ನಿಲ್ಲಿಸಿ. ಅಗಲ ರೇಂಜಿನ ಎಸ್‌ಎಂಪಿಎಸ್‌ಗೆ ಸ್ಟೆಬಿಲೈಜರ್ ಬೇಡ. ಅಗ್ಗದ್ದಕ್ಕೆ ಸ್ಟೆಬಿಲೈಜರ್ ಕೊಳ್ಳುವ ದುಡ್ಡನ್ನು ಒಳ್ಳೆಯ ಎಸ್‌ಎಂಪಿಎಸ್‌ಗೆ ಹಾಕಿ.

ಸಂಡೂರು: ಗಣಿ ಧೂಳು ಕೂತು ಬಿಸಿಯಾಗಿ ರೀಸ್ಟಾರ್ಟ್ ಆಗ್ತೈತಾ ಸರ್? ಬೇಸಿಗೆಯಾಗೆ 42 ಡಿಗ್ರಿ ಇರ್ತೈತೆ.

ತಂತ್ರಜ್ಞ: ಬಿಸಿ ಹೆಚ್ಚಾದರೆ ಪ್ರೊಸೆಸರ್ ಮೊದಲು ವೇಗ ಇಳಿಸುತ್ತದೆ, ಮೀರಿದರೆ ಪೂರ್ತಿ ಆಫ್ ಆಗುತ್ತದೆ. ಆಫ್ ಆಗದೆ ರೀಸ್ಟಾರ್ಟ್ ಆದರೆ ಬೇರೆ ಕಡೆ ಹುಡುಕಿ. ಧೂಳನ್ನಂತೂ ಊದಿ, ಬ್ಲೋವರ್ ಹಿಡಿದಾಗ ಫ್ಯಾನ್ ಬೆರಳಿನಿಂದ ತಡೆಯಿರಿ.

ಮಸ್ಕಿ: ಮೈನಿಂಗ್‌ಗೆ ಬಳಸಿದ ಹಳೇ ಗ್ರಾಫಿಕ್ಸ್ ಕಾರ್ಡ್ ತಗೋಬಹುದಾ?

ಕುಷ್ಟಗಿ: ವೈರ್‌ಲೆಸ್ ಮೌಸ್ ತಡವರಿಸತೈತಿ, ಹಾರ್ಡ್ ಡಿಸ್ಕ್ ಹಚ್ಚಿದಾಗ ಮಾತ್ರ.

ತಂತ್ರಜ್ಞ: ಯುಎಸ್‌ಬಿ 3ರ ಗದ್ದಲ ವೈರ್‌ಲೆಸ್ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ಮೇಲೆ ಬೀಳುತ್ತದೆ. ಮೌಸ್‌ನ ರಿಸೀವರ್ ಅನ್ನು ಎಕ್ಸ್‌ಟೆನ್ಶನ್ ಕೇಬಲ್‌ನಲ್ಲಿ ದೂರ ತನ್ನಿ, ಕಪ್ಪು (ಯುಎಸ್‌ಬಿ 2) ಪೋರ್ಟಿಗೆ ಹಾಕಿ.

ಗಂಗಾವತಿ: ಅಳತಿ ತಗೊಂಡೆ ಸರ್. ಫೇಸ್-ನ್ಯೂಟ್ರಲ್ 231, ಫೇಸ್-ಅರ್ಥ್ 94, ನ್ಯೂಟ್ರಲ್-ಅರ್ಥ್ 71.

ತಂತ್ರಜ್ಞ: ಅರ್ಥ್ ಇಲ್ಲ. ಆ 94 ಮತ್ತು 71 ತೇಲುವ ಓದು.

ಸಿರುಗುಪ್ಪ: ಸಾಕೆಟ್ಟಿನಾಗೆ ನ್ಯೂಟ್ರಲ್‌ಗೂ ಅರ್ಥ್‌ಗೂ ಒಂದು ತುಂಡು ವೈರ್ ಹಾಕಿದ್ರೆ ಸರಿ ಆಗ್ತೈತೆ, ವಿಡಿಯೊ ಐತೆ, ಕಳಿಸ್ತೀನಿ.

ತಂತ್ರಜ್ಞ: ಕಳಿಸಬೇಡಿ! ಹಾಗೆ ಮಾಡಿದರೆ ಮೀಟರ್ ಸೊನ್ನೆ ತೋರಿಸುತ್ತದೆ, ಜುಮ್ಮೆನ್ನುವುದೂ ನಿಲ್ಲುತ್ತದೆ. ಎಲ್ಲೋ ನ್ಯೂಟ್ರಲ್ ಒಂದು ಕಡೆ ಸಡಿಲವಾದ ಕ್ಷಣ ಮನೆಯ ಕ್ಯಾಬಿನೆಟ್, ಫ್ರಿಡ್ಜ್, ಗ್ರೈಂಡರ್ ಎಲ್ಲದರ ಬಾಡಿಗೂ 230 ವೋಲ್ಟ್. ಮಕ್ಕಳಿರುವ ಮನೆ. ಇನ್ನೊಂದು ಫಾರ್ವರ್ಡ್ ಹಾಕಿದರೆ ನಿಮಗೆ ಉತ್ತರ ಕೊಡುವುದಿಲ್ಲ.

ಗಂಗಾವತಿಯವರೇ, ಸಾಕೆಟ್ಟಿನಿಂದ ಮನೆಯ ಮೇನ್ ಬೋರ್ಡ್‌ವರೆಗೆ ಹಸಿರು (ಅರ್ಥ್) ವೈರ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ನೋಡಲಿ. ಆಮೇಲೆ ಅರ್ಥ್ ಗುಂಡಿ. ಇದ್ದಿಲು, ಉಪ್ಪು ತುಂಬಿ ಎರಡೂವರೆ ಮೀಟರ್ ಜಿಐ ಪೈಪ್ ಇಳಿಸುವುದು ವಾಡಿಕೆ. ನಿಮ್ಮ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಪೈಪ್ ಬಿಟ್ಟುಬಿಡುತ್ತದೆ, ನೀರು ಹಾಕುತ್ತಿರಬೇಕು. ಜೊತೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ.

ದೇವದುರ್ಗ: ನಂದೂ ತಾನೇ ರೀಸ್ಟಾರ್ಟ್ ಸರ್, 41.

ತಂತ್ರಜ್ಞ: ಓದದೆ ಕೇಳಬೇಡಿ.

ಕುರುಗೋಡು: ನಂದು ಬೇರೆ. ರೆಂಡರ್‌ನಾಗೆ ಏನೂ ಇಲ್ಲ, ಸುಮ್ನೆ ಕೂತಾಗ ರೀಸ್ಟಾರ್ಟ್ ಆಗ್ತೈತೆ. ಡಬ್ಲ್ಯುಎಚ್‌ಇಎ-ಲಾಗರ್ 18 ಐತೆ.

ತಂತ್ರಜ್ಞ: 18 ಅಂದರೆ ಪ್ರೊಸೆಸರೇ ತಪ್ಪು ವರದಿ ಮಾಡಿದೆ. ಎಕ್ಸ್‌ಎಂಪಿ, ಪ್ರೊಸೆಸರಿನ ವೋಲ್ಟೇಜ್ ಬದಲಿಸುವ ಕರ್ವ್ ಆಪ್ಟಿಮೈಜರ್, ಅಂಡರ್‌ವೋಲ್ಟ್ ಎಲ್ಲ ತೆಗೆದು ಬಯೋಸ್ ಡಿಫಾಲ್ಟ್‌ಗೆ ತನ್ನಿ. ಡಿಫಾಲ್ಟ್‌ನಲ್ಲೂ ಬಂದರೆ ಪ್ರೊಸೆಸರ್ ವಾರಂಟಿಗೆ.

ಗಂಗಾವತಿ: ಅರ್ಥ್ ಆತು ಸರ್, ಈಗ ನ್ಯೂಟ್ರಲ್-ಅರ್ಥ್ 2 ವೋಲ್ಟ್. ಜುಮ್ ಅನ್ನೋದಿಲ್ಲ. ಹಾರ್ಡ್ ಡಿಸ್ಕ್ ಕಡಿಯೋದು ನಿಂತೈತಿ, ಕೀಬೋರ್ಡ್ ಮಾತ್ರ ಒಮ್ಮೊಮ್ಮೆ. ರೆಂಡರ್‌ನಾಗ ರೀಸ್ಟಾರ್ಟ್ ಇನ್ನೂ ಐತ್ರಿ.

ತಂತ್ರಜ್ಞ: ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ ಒಂದು ತಾಸು ರೆಂಡರ್ ಹಚ್ಚಿ. 600 ವಿಎ ಅಂದರೆ ಸುಮಾರು 360 ವ್ಯಾಟ್. 3060 ಒಂದೇ 170 ಎಳೆಯುತ್ತದೆ, ಪ್ರೊಸೆಸರ್, ಮಾನಿಟರ್ ಸೇರಿ 300 ಸಮೀಪ. ಲೈನ್ ಸ್ವಲ್ಪ ಇಳಿದಾಗ ಯುಪಿಎಸ್ ಬ್ಯಾಟರಿಗೆ ಬದಲಾಗುತ್ತದೆ, ಸತ್ತ ಬ್ಯಾಟರಿ ಅಷ್ಟು ಲೋಡ್ ಎತ್ತಲಾರದೆ ಕೈಬಿಡುತ್ತದೆ.

ಗಂಗಾವತಿ: ನೇರ ಹಾಕಿದ್ರ ಒಂದೂ ಸಲ ಆಗಲಿಲ್ರಿ. ಯುಪಿಎಸ್ ಬ್ಯಾಟರಿ ಲೋಡ್‌ನಾಗ 9.8 ವೋಲ್ಟ್ ತೋರಸ್ತು.

ತಂತ್ರಜ್ಞ: 10.5ಕ್ಕಿಂತ ಕೆಳಗಿಳಿದರೆ ಆ ಬ್ಯಾಟರಿ ಮುಗಿಯಿತು. ಯುಪಿಎಸ್ಸೇ ಬದಲಿಸಿ, 1000 ವಿಎ ತಗೊಳ್ಳಿ.

ಕೀಬೋರ್ಡ್ ಕೊನೆಗೆ. ಕೆಲವು 500 ಸರಣಿ ಬೋರ್ಡುಗಳಲ್ಲಿ (ನಿಮ್ಮ ಬಿ550 ಆ ಸರಣಿಯದು) ಯುಎಸ್‌ಬಿ ಕಡಿಯುವುದನ್ನು ರೈಜನ್ ತಯಾರಿಸುವ ಎಎಂಡಿ 2021ರಲ್ಲಿ ತಾನೇ ಒಪ್ಪಿ, ಬಯೋಸ್‌ನೊಳಗೆ ಸೇರುವ ತನ್ನ ಕೋಡ್ ಎಜೆಸಾ 1.2.0.2ರಲ್ಲಿ ಪರಿಹಾರ ಕೊಟ್ಟಿತು. ನಿಮ್ಮ ಬಯೋಸ್ ಅದಕ್ಕಿಂತ ಹಳೆಯದಾದರೆ ಅಪ್‌ಡೇಟ್ ಬೇಕು, ಆದರೆ ಹೊಸ ಯುಪಿಎಸ್ ಬಂದ ಮೇಲೆ. ಬಯೋಸ್ ಬರೆಯುವಾಗ ಕರೆಂಟ್ ಹೋದರೆ ಬೋರ್ಡ್ ಏಳುವುದಿಲ್ಲ. ಅಲ್ಲಿಯವರೆಗೆ ಬಯೋಸ್‌ನಲ್ಲಿ ಪಿಸಿಐಇ (ಗ್ರಾಫಿಕ್ಸ್ ಕಾರ್ಡ್ ಕೂರುವ ಸ್ಲಾಟ್) ವೇಗವನ್ನು ಜೆನ್ 3ಕ್ಕೆ ಇಳಿಸಿ, ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಉಳಿತಾಯದ ಟಿಕ್ ತೆಗೆಯಿರಿ. ಎರಡನ್ನೂ ಒಂದೇ ದಿನ ಮಾಡಬೇಡಿ, ಯಾವುದರಿಂದ ನಿಂತಿತು ಎಂದು ಗೊತ್ತಾಗಬೇಕು.

ಮಸ್ಕಿ: ಸರ್, ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಕೇಳಿದ್ದೆ…

ಸಿಂಧನೂರು: 1000 ವಿಎ ಯುಪಿಎಸ್ ಒಳಗೂ ಸ್ಟೆಬಿಲೈಜರ್ ಇರ್ತದ. ಕಾರಟಗಿಯವ್ರು ನೋಡ್ಕೊಳ್ಳಿ.