ಗುಡುಗುವಾಗ ಒಳಾಂಗಣ ಈಜುಕೊಳದಲ್ಲಿ ಈಜಬಹುದಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ವಾರಕ್ಕೆ 3 ದಿನ ಒಳಾಂಗಣ ಈಜುಕೊಳಕ್ಕೆ ಹೋಗುತ್ತಾಳೆ. ನಿನ್ನೆ ಸಂಜೆ ಅವಳು ನೀರಲ್ಲಿದ್ದಾಗಲೇ ಜೋರಾಗಿ ಗುಡುಗಲು ಶುರುವಾಯಿತು. ಮಿಂಚಿದಾಗ ಮೇಲಿನ ಗಾಜೆಲ್ಲ ಬೆಳ್ಳಗಾಗುತ್ತಿತ್ತು. ಅವಳು ಸ್ಟೀಲ್ ಏಣಿ ಹಿಡಿದುಕೊಂಡು ನನ್ನ ಕಡೆಯೇ ನೋಡುತ್ತಿದ್ದಳು. ನನ್ನ ಎದೆ ಝಲ್ಲೆಂದಿತು. ಕೋಚ್ ಮಾತ್ರ "ಮೇಲೆ ಚಾವಣಿ ಇದೆಯಲ್ಲ, ಏನೂ ಆಗಲ್ಲ ಬಿಡಿ" ಎಂದರು.

ಸಿಡಿಲು ಕಟ್ಟಡಕ್ಕೆ ಬಡಿದರೆ ಕರೆಂಟ್ ತಂತಿ, ಲೋಹದ ಪೈಪುಗಳ ಮೂಲಕ ಒಳಗೂ ಬರಬಹುದು. ಅದಕ್ಕೇ ಗುಡುಗುವಾಗ ಸ್ನಾನ ಮಾಡಬೇಡಿ, ಪಾತ್ರೆ ತೊಳೆಯಬೇಡಿ ಎನ್ನುತ್ತಾರೆ. ಕೊಳಕ್ಕೂ ಪಂಪು, ಪೈಪು, ನೀರೊಳಗಿನ ದೀಪ ಎಲ್ಲ ಇರುತ್ತವೆ ಅಲ್ವಾ? ಹಾಗಾದರೆ ಚಾವಣಿ ಇದ್ದ ಮಾತ್ರಕ್ಕೆ ಸುಮ್ನೆ ಇರಬಹುದಾ? ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಕಾಯಬೇಕು ಎನ್ನುವುದನ್ನು ಒಳಗಿನ ಕೊಳದಲ್ಲೂ ಪಾಲಿಸಬೇಕಾ?

ಈಜುಕೊಳ ನೋಡಿಕೊಳ್ಳುವವರು, ಎಲೆಕ್ಟ್ರಿಷಿಯನ್‌ಗಳು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಏಣಿ, ಪಂಪು, ಪೈಪುಗಳಿಗೆಲ್ಲ ಅರ್ಥಿಂಗ್ ಸರಿಯಾಗಿದೆಯಾ ಅಂತ ಅಲ್ಲಿಯವರನ್ನು ಹೇಗೆ ಕೇಳಲಿ? ಕೋಚ್ ಒಳ್ಳೆಯವರು, ಅವರಿಗೆ ಬೇಜಾರು ಮಾಡುವ ಮನಸ್ಸಿಲ್ಲ. ಆದರೆ ಸರಿಯಾದ ಉತ್ತರ ಸಿಗುವವರೆಗೆ ಗುಡುಗು ಕೇಳಿದರೆ ಮಗಳನ್ನು ನೀರಿಗೆ ಇಳಿಸುವುದಿಲ್ಲ.