ಪಿಸಿಗೆ 55 ಇಂಚಿನ ಟಿವಿ ಜೋಡಿಸಿದ್ದೇನೆ: ಮೌಸ್ ತಡವಾಗಿ ಓಡ್ತದೆ, ಅಕ್ಷರ ಮಸುಕು

ಡೊಂಬಿವಲಿ_ಪ್ಲೇಯರ್:

ಎಲ್ಲರಿಗೂ ನಮಸ್ಕಾರ. ಡೊಂಬಿವಲಿ ಈಸ್ಟ್‌ನಲ್ಲಿ ನಮ್ಮದು ಚಿಕ್ಕ ಮನೆ. ನನ್ನ 22 ಇಂಚಿನ ಹಳೇ ಮಾನಿಟರ್ ಹೋದ ತಿಂಗಳು ಕೈಕೊಟ್ಟಿತು, ಹಾಲ್‌ನ ಟಿವಿಯೂ ಹಳತಾಗಿತ್ತು. ಎರಡಕ್ಕೂ ಬೇರೆ ಬೇರೆ ದುಡ್ಡು ಹಾಕೋ ಬದಲು ಒಂದೇ ದೊಡ್ಡದು ತರೋಣ ಅಂತ 55 ಇಂಚಿನ 4ಕೆ ಟಿವಿ ತಂದೆ. 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಚಿತ್ರ ಬದಲಾಗ್ತದೆ) ಅಂತ ಡಬ್ಬದ ಮೇಲೇ ಬರೆದಿತ್ತು.

ಮೂರು ದಿನದಿಂದ ನಿದ್ದೆ ಇಲ್ಲ. ಮೌಸ್ ಸರಿಸಿದ ಮೇಲೆ ಪಾಯಿಂಟರ್ ನೀರಿನೊಳಗೆ ಎಳೆದ ಹಾಗೆ ಹಿಂದಿನಿಂದ ಬರ್ತದೆ. ಶೂಟಿಂಗ್ ಆಟದಲ್ಲಿ ಗುರಿ ಇಟ್ಟು ಕ್ಲಿಕ್ ಮಾಡುವಷ್ಟರಲ್ಲಿ ಎದುರಿನವ ಮುಗಿಸಿರ್ತಾನೆ. ಅಕ್ಷರಗಳ ಅಂಚಿನಲ್ಲಿ ಬಣ್ಣ ಒಸರಿದ ಹಾಗೆ ಕಾಣ್ತದೆ, ಕಪ್ಪು ಹಿನ್ನೆಲೆಯಲ್ಲಿ ಕೆಂಪು ಅಕ್ಷರ ಇದ್ದರಂತೂ ಓದೋಕೇ ಆಗಲ್ಲ. ಕೆಳಗಿನ ಟಾಸ್ಕ್‌ಬಾರ್ ಅರ್ಧ ಕತ್ತರಿಸಿ ಹೋಗಿದೆ.

ಗ್ರಾಫಿಕ್ಸ್ ಕಾರ್ಡ್ ಎನ್ವಿಡಿಯಾ ಜಿಟಿಎಕ್ಸ್ 1660 ಸೂಪರ್. ಕೇಬಲ್ ಹಳೇ ಸೆಟ್‌ಟಾಪ್ ಬಾಕ್ಸ್‌ನದ್ದು. ಎರಡಡಿ ಆಳದ ಟೇಬಲ್ ಮೇಲೇ ಟಿವಿ ಇಟ್ಟಿದ್ದೇನೆ. ಟಿವಿ ವಾಪಸ್ ಕೊಡಬೇಕಾ, ಸರಿ ಮಾಡಬಹುದಾ?

ವಾಶಿ_ರೇಸರ್:

ಶೂಟಿಂಗ್ ಆಟಕ್ಕೆ ಟಿವಿ ಆಗಲ್ಲ ಗುರು. ವಾಪಸ್ ಕೊಟ್ಟು 27 ಇಂಚಿನ ಮಾನಿಟರ್ ತಗೋ.

ಡೊಂಬಿವಲಿ_ಪ್ಲೇಯರ್:

ಡಬ್ಬ ಆಗಲೇ ರದ್ದಿವಾಲಾ ಒಯ್ದಾಯ್ತು. ಅದಕ್ಕೂ ಮಿಗಿಲಾಗಿ ಅಪ್ಪ ಅಮ್ಮ ಈ ಟಿವಿ ನೋಡಿ ತುಂಬ ಖುಷಿಯಾಗಿದ್ದಾರೆ, ಕಿತ್ಕೊಳ್ಳೋಕೆ ಮನಸ್ಸಿಲ್ಲ.

ಕೋಥ್ರೂಡ್_ಧಾರವಾಡ:

ವಾಪಸ್ ಕೊಡಬ್ಯಾಡ್ರಿ. ನಾ ಇಲ್ಲೆ ಪುಣೆದಾಗ ನಾಲ್ಕು ವರ್ಷದಿಂದ 48 ಇಂಚಿನ ಟಿವಿ ಮ್ಯಾಲೇ ಆಡ್ತೀನಿ, ಆಫೀಸ್ ಕೆಲಸಾನೂ ಅದರಾಗೇ ಮಾಡ್ತೀನಿ. ನಿಮ್ಮ ಮೂರೂ ತ್ರಾಸಿಗೆ ಬೇರು ಒಂದೇ ಅದ: ಟಿವಿ ನಿಮ್ಮ ಪಿಸಿನ ಸೆಟ್‌ಟಾಪ್ ಬಾಕ್ಸ್ ಅಂತ ತಿಳಕೊಂಡದ. ಬಂದ ಚಿತ್ರಕ್ಕ ಸಿನಿಮಾಕ್ಕ ಮಾಡೂ ಉಪಚಾರ ಎಲ್ಲಾ ಮಾಡಾಕತ್ತದ.

ಮೊದಲು ಮೌಸಿನ ವಿಷಯ. ಟಿವಿ ಒಳಗ ಚಿತ್ರ ಬಂದ ಕೂಡ್ಲೆ ಪರದೆಗೆ ಹೋಗೂದಿಲ್ಲ. ನಾಯ್ಸ್ ತಗೀತದ, ಅಂಚು ಚೂಪು ಮಾಡ್ತದ, ಚಲನೆ ನಯವಾಗ್ಲಿ ಅಂತ ಎರಡು ಫ್ರೇಮಿನ ನಡುವ ತಾನೇ ಒಂದು ಫ್ರೇಮ್ ಹುಟ್ಟಿಸ್ತದ. ನಡುವಿನ ಫ್ರೇಮ್ ಹುಟ್ಟಿಸಬೇಕಂದ್ರ ಮುಂದಿನ ಫ್ರೇಮ್ ಬರೂತನಕ ಕಾಯಲೇಬೇಕಲ್ಲ? 60 ಹರ್ಟ್ಸ್‌ನಾಗ ಒಂದು ಫ್ರೇಮ್ ಅಂದ್ರ 16.7 ಮಿಲಿಸೆಕೆಂಡ್. ಹಂಗ ನಾಲ್ಕಾರು ಫ್ರೇಮ್ ಹಿಡಕೊಂಡು ಕೂತ್ರ ನೂರರ ಹತ್ರ ಹೋಗ್ತದ. ಸಿನಿಮಾ ನೋಡೂ ಮುಂದ ದನೀನೂ ಅಷ್ಟೇ ತಡ ಮಾಡಿ ಬಿಡ್ತದ, ಹಿಂಗಾಗಿ ನಮಗ ಗೊತ್ತಾಗೂದಿಲ್ಲ. ಆದ್ರ ಮೌಸ್ ನಿಮ್ಮ ಕೈಯಾಗ ಅದ, ಕೈಗೆ ಗೊತ್ತಾಗ್ತದ. ಪಿಕ್ಚರ್ ಮೋಡ್ ಒಳಗ ಗೇಮ್ ಮೋಡ್ ಹಚ್ರಿ, ಈ ಉಪಚಾರ ಬಹುತೇಕ ನಿಂತುಬಿಡ್ತದ. ಕನ್ಸೋಲ್ ಹಚ್ಚಿದ್ರ ಹೊಸ ಟಿವಿಗಳು ತಾವಾಗೇ ಆ ಮೋಡ್‌ಗೆ ಹೋಗ್ತಾವ. ಪಿಸಿಗೆ ಅದನ್ನ ನಂಬಬ್ಯಾಡ್ರಿ, ರಿಮೋಟ್ ಹಿಡದು ನೀವೇ ಹಚ್ರಿ.

ಟಾಸ್ಕ್‌ಬಾರ್ ಕತ್ತರಿಸೂದು ಓವರ್‌ಸ್ಕ್ಯಾನ್. ಹಳೇ ಡಬ್ಬಾ ಟಿವಿ ಕಾಲದಾಗ ಚಿತ್ರದ ಅಂಚು ಸೊಟ್ಟ ಬರ್ತಿತ್ತು, ಅದಕ್ಕ ಚಿತ್ರ ಸ್ವಲ್ಪ ಹಿಗ್ಗಿಸಿ ಅಂಚು ಮುಚ್ಚತಿದ್ರು. ಆ ಚಾಳಿ ಇನ್ನೂ ಹೋಗಿಲ್ಲ. ಸೆಟ್ಟಿಂಗ್‌ನಾಗ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್, ಫುಲ್ ಪಿಕ್ಸೆಲ್ ಹಿಂಗ ಒಂದು ಹೆಸರಿರ್ತದ, ಹುಡುಕಿ ಆನ್ ಮಾಡ್ರಿ. ಹಿಗ್ಗಿಸಿದ ಚಿತ್ರದಾಗ ಪಿಕ್ಸೆಲ್ ಮ್ಯಾಲೆ ಪಿಕ್ಸೆಲ್ ಕೂಡೂದಿಲ್ಲ, ಅಕ್ಷರ ಮಸುಕಾಗಾಕ ಅದೂ ಒಂದು ಕಾರಣ.

ದೊಡ್ಡ ಕಾರಣ ಕ್ರೋಮಾ, ಅಂದ್ರ ಚಿತ್ರದಾಗಿನ ಬಣ್ಣದ ಮಾಹಿತಿ. ನಮ್ಮ ಕಣ್ಣಿಗೆ ಬೆಳಕಿನ ಹೆಚ್ಚುಕಡಿಮಿ ಚಲೋ ಗೊತ್ತಾಗ್ತದ, ಬಣ್ಣದ್ದು ಅಷ್ಟು ಗೊತ್ತಾಗೂದಿಲ್ಲ. ಅದಕ್ಕ ವಿಡಿಯೋದಾಗ ಬೆಳಕು ಪ್ರತಿ ಪಿಕ್ಸೆಲ್‌ಗೂ ಕಳಸ್ತಾರ, ಬಣ್ಣ ನಾಲ್ಕು ಪಿಕ್ಸೆಲ್‌ಗೆ ಒಂದೇ. ಇದಕ್ಕ 4:2:0 ಅಂತಾರ. ಗಿಡಮರ, ಮುಖ ತೋರಿಸಾಕ ಇಷ್ಟು ಸಾಕು. ಆದ್ರ ಅಕ್ಷರದ ಗೆರಿ ಒಂದೆರಡು ಪಿಕ್ಸೆಲ್ ದಪ್ಪ ಇರ್ತದ, ಅದರ ಕೆಂಪು ಪಕ್ಕದ ಕಪ್ಪಿನ ಕೂಡ ಹಂಚಿಹೋಗ್ತದ. ನೀವು ಬರದದ್ದು ಪಕ್ಕಾ ಇದೇ. ನಿಮಗ ಬೇಕಾದ್ದು 4:4:4, ಅಂದ್ರ ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣ. ಅದಕ್ಕ ಮೂರು ಕೆಲಸ ಅದಾವ: ಆ ಎಚ್‌ಡಿಎಂಐ ಇನ್‌ಪುಟ್‌ನ ಹೆಸರು ಪಿಸಿ ಅಂತ ಬದಲಾಯಿಸ್ರಿ (ಹೆಸರು ಬದಲಾದ್ರ ಏನಾಗ್ತದ ಅನಬ್ಯಾಡ್ರಿ, ಭಾಳ ಟಿವಿಯೊಳಗ ಕೆಲಸದ ರೀತಿನೇ ಬದಲಾಗ್ತದ). ಆ ಪೋರ್ಟಿಗೆ ಪೂರ್ಣ ವೇಗದ ಸಿಗ್ನಲ್ ಆನ್ ಮಾಡ್ರಿ. ಸ್ಯಾಮ್‌ಸಂಗ್‌ನಾಗ ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯೊಳಗ ಅಲ್ಟ್ರಾ ಎಚ್‌ಡಿ ಡೀಪ್ ಕಲರ್, ಸೋನಿಯೊಳಗ ಎನ್ಹಾನ್ಸ್ಡ್ ಫಾರ್ಮ್ಯಾಟ್ ಅಂತ ಇರ್ತದ. ಆಮ್ಯಾಲೆ ಆ ಹಳೇ ಕೇಬಲ್ ತಗೀರಿ. 4ಕೆ 60 ಹರ್ಟ್ಸ್ ಪೂರ್ಣ ಬಣ್ಣದ ಕೂಡ ಹೋಗಾಕ ಸೆಕೆಂಡಿಗೆ 18 ಗಿಗಾಬಿಟ್‌ನ ಪ್ರೀಮಿಯಂ ಹೈ ಸ್ಪೀಡ್ ಕೇಬಲ್ ಬೇಕು. ಚಿನ್ನದ ಬಣ್ಣದ ತುದಿ ನೋಡಿ ಸಾವಿರಗಟ್ಟಲೆ ಸುರೀಬ್ಯಾಡ್ರಿ, ಸರ್ಟಿಫಿಕೇಟ್ ಲೇಬಲ್ ಇದ್ರ ಸಾಕು.

ಒಂದು ವಿನಂತಿ. ಎಲ್ಲಾ ಒಮ್ಮೆಲೆ ಬದಲಾಯಿಸಬ್ಯಾಡ್ರಿ. ಫೋನಿನ ಸ್ಲೋ ಮೋಷನ್ 240 ಫ್ರೇಮ್‌ಗೆ ಇಟ್ಟು, ಬೆರಳೂ ಪರದೆನೂ ಕಾಣೂ ಹಂಗ ವಿಡಿಯೋ ತಗೀರಿ. ಬೆರಳು ಒತ್ತಿದಲ್ಲಿಂದ ಬಂದೂಕಿನ ಬೆಂಕಿ ಕಾಣೂತನಕ ಫ್ರೇಮ್ ಎಣಿಸ್ರಿ, ಒಂದೊಂದು ಫ್ರೇಮ್ ಸುಮಾರು 4 ಮಿಲಿಸೆಕೆಂಡ್. ಆವಾಗ ಯಾವುದರಿಂದ ಎಷ್ಟು ಫರಕ್ ಆತು ಅಂತ ಗೊತ್ತಾಗ್ತದ.

ಡೊಂಬಿವಲಿ_ಪ್ಲೇಯರ್:

ಅಣ್ಣ, ಕೈ ಮುಗಿದೆ. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಲೇಬಲ್ ನೋಡಿ ಕೇಬಲ್ ತಂದೆ. ಮೊದಲು 38 ಫ್ರೇಮ್ ಇತ್ತು, ಅಂದ್ರೆ 158 ಮಿಲಿಸೆಕೆಂಡ್. ಗೇಮ್ ಮೋಡ್ ಹಾಕಿದ ಮೇಲೆ 17, ಅಂದ್ರೆ 71. ಎರಡು ಸಲ ಎಣಿಸಿದೆ. ಪಾಯಿಂಟರ್ ಈಗ ಕೈ ಜೊತೆಗೇ ಬರ್ತಿದೆ, ಟಾಸ್ಕ್‌ಬಾರ್ ಪೂರ್ತಿ ಕಾಣ್ತಿದೆ.

ಇನ್‌ಪುಟ್ ಹೆಸರು ಪಿಸಿ ಮಾಡಿದ ಮೇಲೆ ಒಂದು ಹೊಸ ತೊಂದರೆ: ಕಪ್ಪು ಬಣ್ಣವೆಲ್ಲ ಬೂದಿ ಬಣ್ಣ ಆಗಿದೆ. ಕೆಂಪು ಅಕ್ಷರ ಸ್ವಲ್ಪ ಸುಧಾರಿಸಿದೆ, ಆದರೆ ಪೂರ್ತಿ ಸರಿಯಾಗಿಲ್ಲ.

ಮುಲುಂಡ್_ಮಂಗಳೂರು:

ವಿಂಡೋಸ್‌ನಲ್ಲಿ ಎಚ್‌ಡಿಆರ್ (ಬೆಳಕು, ಬಣ್ಣ ಹೆಚ್ಚು ವಿಸ್ತಾರವಾಗಿ ತೋರಿಸುವ ಮೋಡ್) ಆನ್ ಉಂಟಾ ನೋಡಿ ಮಾರಾಯ್ರೆ. ಅದಕ್ಕೆ 10 ಬಿಟ್ ಬಣ್ಣ, ಅಂದರೆ ಹೆಚ್ಚು ಸೂಕ್ಷ್ಮ ಛಾಯೆಗಳು ಬೇಕು. 4ಕೆ 60ರಲ್ಲಿ 10 ಬಿಟ್ ಬಣ್ಣವೂ 4:4:4ವೂ ಎರಡೂ ಆ 18 ಗಿಗಾಬಿಟ್‌ನಲ್ಲಿ ಹಿಡಿಸುವುದಿಲ್ಲ. ಹಾಗಾಗಿ 10 ಬಿಟ್ ಕಳಿಸ್ಲಿಕ್ಕೆ ಕಾರ್ಡ್ 4:2:2ಕ್ಕೆ (ಎರಡು ಪಿಕ್ಸೆಲ್‌ಗೆ ಒಂದು ಬಣ್ಣ) ಇಳಿದಿರ್ತದೆ. ವಿಂಡೋಸ್ ಕೀ, ಆಲ್ಟ್, ಬಿ ಮೂರನ್ನೂ ಒಟ್ಟಿಗೆ ಒತ್ತಿದರೆ ಎಚ್‌ಡಿಆರ್ ಆಫ್ ಆಗ್ತದೆ. ಓದುವಾಗ ಆಫ್ ಇರ್ಲಿ, ಆಟಕ್ಕೆ ಬೇಕಾದರೆ ಆನ್ ಮಾಡಿ.

ಬೂದಿ ಬಣ್ಣಕ್ಕೆ ಕಾರಣ ಬೇರೆ. ಟಿವಿ ಲೋಕದಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. ಕಂಪ್ಯೂಟರ್‌ಗೆ ಕಪ್ಪು 0, ಬಿಳಿ 255. ನೀವು ಪಿಸಿ ಅಂತ ಹೆಸರಿಟ್ಟ ಕೂಡಲೇ ಟಿವಿ 0ಯಿಂದ ನಿರೀಕ್ಷೆ ಮಾಡ್ಲಿಕ್ಕೆ ಶುರು ಮಾಡಿದೆ, ಕಾರ್ಡ್ ಇನ್ನೂ 16ರಿಂದಲೇ ಕಳಿಸ್ತಾ ಉಂಟು. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಚೇಂಜ್ ರೆಸಲ್ಯೂಷನ್ ಪುಟದಲ್ಲಿ ಕಲರ್ ಫಾರ್ಮ್ಯಾಟ್ ಆರ್‌ಜಿಬಿ, ಡೈನಮಿಕ್ ರೇಂಜ್ ಫುಲ್ ಮಾಡಿ.

ಡೊಂಬಿವಲಿ_ಪ್ಲೇಯರ್:

ಅಕ್ಕ, ಎರಡೂ ಸರಿಹೋಯ್ತು! ಕಪ್ಪು ಕಪ್ಪಾಗಿದೆ. ಕೆಂಪು ಅಕ್ಷರದ ಅಂಚು ಬ್ಲೇಡಿನಲ್ಲಿ ಕುಯ್ದ ಹಾಗೆ ನೀಟಾಗಿದೆ.

ಆದರೆ 120 ಹರ್ಟ್ಸ್ ಎಲ್ಲೂ ಕಾಣ್ತಿಲ್ಲ, 4ಕೆಗೆ 60 ಮಾತ್ರ ತೋರಿಸ್ತಿದೆ. ಮತ್ತೆ ಎರಡು ಗಂಟೆ ಆಡಿದರೆ ಕತ್ತು ಹಿಡ್ಕೊಳ್ತದೆ.

ಕೋಥ್ರೂಡ್_ಧಾರವಾಡ:

4ಕೆ 120ಕ್ಕ ಎಚ್‌ಡಿಎಂಐ 2.1 ಬೇಕು. ನಿಮ್ಮ ಕಾರ್ಡಿನ್ಯಾಗ 2.0 ಅದ. ಎನ್ವಿಡಿಯಾದಾಗ 2020ರ ಆರ್‌ಟಿಎಕ್ಸ್ 30 ಸಾಲಿನಿಂದ 2.1 ಬಂತು, ಎಎಮ್‌ಡಿಯೊಳಗ ಆರ್‌ಎಕ್ಸ್ 6000 ಸಾಲಿನಿಂದ. ಇದಕ್ಕಂತ ಕಾರ್ಡ್ ಬದಲಿಸಬ್ಯಾಡ್ರಿ. 1440ಪಿ ಇಟ್ಟು 120 ಹರ್ಟ್ಸ್ ಸಿಗ್ತದೇನು ನೋಡ್ರಿ, ಭಾಳ ಟಿವಿ ಒಪ್ಕೋತಾವ. ಟಿವಿ ಹಿಂದ 4ಕೆ 120 ಅಂತ ಬರದ ಪೋರ್ಟಿಗೇ ಕೇಬಲ್ ಹಚ್ರಿ, ಎಲ್ಲಾ ಪೋರ್ಟ್ ಒಂದೇ ಥರ ಇರೂದಿಲ್ಲ. 4ಕೆ ಅಂದ್ರ ಸುಮಾರು 83 ಲಕ್ಷ ಪಿಕ್ಸೆಲ್, 1440ಪಿ ಅಂದ್ರ 37 ಲಕ್ಷ. ನಿಮ್ಮ ಕಾರ್ಡ್ ಅರಾಮಾಗಿ ಉಸಿರಾಡ್ತದ. ವೇಗದ ಆಟಕ್ಕ ಚೂಪಿಗಿಂತ 120 ದೊಡ್ಡದು ಅಂತ ನನ್ನ ಅಭಿಪ್ರಾಯ.

ಈಗ ಕತ್ತಿನ ಮಾತು. ಇದು ಯಾವ ಮೆನುದಾಗೂ ಸಿಗೂದಿಲ್ಲ, ಮತ್ತ ಟಿವಿ ಬ್ಯಾಡ ಅನ್ನೋ ಮಂದಿ ಬಹಳಷ್ಟು ಎಡವೂದು ಇಲ್ಲೇ. 55 ಇಂಚಿನ ಪರದೆ ಅಗಲ 122 ಸೆಂಟಿಮೀಟರ್. ನೀವು ಎರಡಡಿ ಟೇಬಲ್ ಮ್ಯಾಲಿಟ್ಟು 70 ಸೆಂಟಿಮೀಟರ್‌ದಾಗ ಕೂತ್ರ ಅದು ನಿಮ್ಮ ನೋಟದಾಗ 82 ಡಿಗ್ರಿ ತುಂಬ್ತದ. ಮೂಲಿಯೊಳಗಿನ ಮ್ಯಾಪ್ ನೋಡಾಕ ಪ್ರತಿ ಸಲ ತಲಿ ತಿರುವಬೇಕು. 27 ಇಂಚಿನ ಮಾನಿಟರ್ 60 ಸೆಂಟಿಮೀಟರ್‌ದಾಗ 53 ಡಿಗ್ರಿ ತುಂಬ್ತದ. ಅದೇ ನೋಟ 55 ಇಂಚಿನಿಂದ ಬೇಕಂದ್ರ ನೀವು 120 ಸೆಂಟಿಮೀಟರ್, ಅಂದ್ರ ನಾಲ್ಕಡಿ ದೂರ ಕೂಡಬೇಕು. ಟಿವಿ ಗ್ವಾಡಿಗೆ ಇರ್ಲಿ, ಟೇಬಲ್ ಗ್ವಾಡಿ ಬಿಟ್ಟು ಈಚೆ ಬರ್ಲಿ. ಎತ್ತರಾನೂ ನೋಡ್ರಿ: ನೆಟ್ಟಗ ಕೂತಾಗ ಕಣ್ಣಿನ ಮಟ್ಟ ಪರದೆಯ ಮ್ಯಾಲಿನ ಮೂರನೇ ಒಂದು ಭಾಗಕ್ಕ ಬರಬೇಕು. ಗದ್ದ ಎತ್ತಿ ಆಡಿದ್ರ ಯಾವ ಸೆಟ್ಟಿಂಗೂ ನಿಮ್ಮನ್ನ ಕಾಯೂದಿಲ್ಲ.

ವಾಶಿ_ರೇಸರ್:

71ಕ್ಕೆ ಇಳಿದಿದ್ದು ನೋಡಿ ನನ್ನ ಮಾತು ವಾಪಸ್ ತಗೊಂಡೆ. ನಮ್ಮ ಮನೆ ಟಿವಿಯಲ್ಲೂ ಇವತ್ತೇ ಟ್ರೈ ಮಾಡ್ತೀನಿ.

ಡೊಂಬಿವಲಿ_ಪ್ಲೇಯರ್:

ಭಾನುವಾರ ಅಪ್ಪ ನಾನು ಸೇರಿ ಕಬ್ಬಿಣದ ಕಪಾಟು ಒಳರೂಮಿಗೆ ಸಾಗಿಸಿದೆವು. ಆ ಜಾಗದಲ್ಲಿ ಗೋಡೆಗೆ ಒತ್ತಿ ಒಂದೂವರೆ ಅಡಿ ಎತ್ತರದ ಹಳೇ ಬೆಂಚು, ಅದರ ಮೇಲೆ ಟಿವಿ. ಟೇಬಲ್ ಎರಡಡಿ ಈಚೆ. ಟೇಪ್ ಹಿಡಿದು ಅಳೆದೆ, ಕಣ್ಣಿನಿಂದ ಪರದೆಗೆ 124 ಸೆಂಟಿಮೀಟರ್. ವಿಂಡೋಸ್ ಸ್ಕೇಲಿಂಗ್ (ಅಕ್ಷರ, ಐಕಾನ್ ಹಿಗ್ಗಿಸೋ ಸೆಟ್ಟಿಂಗ್) 150 ಪರ್ಸೆಂಟ್ ಇಟ್ಟ ಮೇಲೆ ಅಕ್ಷರ ಓದೋಕೂ ಹಿತವಾಗಿದೆ. ನಾಲ್ಕು ದಿನ ಆಯ್ತು, ಕತ್ತು ನೋವಿಲ್ಲ.

ಪೋರ್ಟ್ ಬದಲಿಸಿದ ಮೇಲೆ 1440ಪಿ 120 ಹರ್ಟ್ಸ್ ಬಂತು. ಫೋನ್ ಇಟ್ಟು ಮತ್ತೆ ಎಣಿಸಿದೆ: 11 ಫ್ರೇಮ್, 46 ಮಿಲಿಸೆಕೆಂಡ್.

ಅಮ್ಮನ ಸೆಟ್‌ಟಾಪ್ ಬಾಕ್ಸ್ ಬೇರೆ ಪೋರ್ಟಿನಲ್ಲಿದೆ. ನನ್ನ ಟಿವಿ ಪ್ರತಿ ಪೋರ್ಟಿಗೂ ಮೋಡ್ ಬೇರೆ ಬೇರೆ ನೆನಪಿಟ್ಕೊಳ್ತದೆ, ಹಾಗಾಗಿ ಅಲ್ಲಿ ಸ್ಟ್ಯಾಂಡರ್ಡ್, ಇಲ್ಲಿ ಗೇಮ್. ರಾತ್ರಿ ಎಂಟಕ್ಕೆ ಅವರು ಧಾರಾವಾಹಿ ಹಾಕಿದರೂ ನನ್ನ ಸೆಟ್ಟಿಂಗ್ ಕೆಡೋದಿಲ್ಲ. ಅಣ್ಣ, ಅಕ್ಕ, ಇಬ್ಬರಿಗೂ ಮನಸಾರೆ ಧನ್ಯವಾದ.